ಪಾಯಿಂಟ್ಸ್ ಇಲ್ಲದ ಓದು

"ಅಲ್ಲಮ್ಮ, ಬುಧವಾರ ಹೆಣ್ಣು ನೋಡೋಕೆ ಹೋಗಿದ್ದೋರು ಇವತ್ತು ಆಸ್ತಿ ಪಾಲು ಮಾಡ್ಕೋತಾ ಇದ್ದಾರಲ್ಲ! ನಡುವೆ ಮದುವೆ ಏನಾಯ್ತು?"

ಫೋನಿನ ಆ ತುದಿಯಿಂದ ಶ್ರೀಕಂಠಯ್ಯನವರು ಹೀಗೆ ಕೇಳಿದಾಗ ಕೃಪಾ ಪುಟದ ಮೇಲಿಟ್ಟಿದ್ದ ಬೆರಳನ್ನು ತೆಗೆಯಲಿಲ್ಲ. ಸಿಡ್ನಿಯ ಗಿರಾವೀನ್‌ನಲ್ಲಿ, ತನ್ನ ಬಾಡಿಗೆ ಕೋಣೆಯ ಮಂಚದ ಅಂಚಿಗೆ ಕೂತು ಅವಳು ಕಾದಂಬರಿ ಓದಿ ಹೇಳುತ್ತಿದ್ದಳು. ಅವರು ಮೆಲ್ಬರ್ನಿನ ಕ್ಲೈಡ್ ನಾರ್ತ್‌ನಲ್ಲಿ, ಮಗನ ಮನೆಯ ಮುಂದಿನ ಕೋಣೆಯಲ್ಲಿ ಕೂತು ಕೇಳುತ್ತಿದ್ದರು.

"ಆಯ್ತು ಅಂಕಲ್, ಮದುವೆ."

"ಯಾವಾಗ?"

"ನಡುವೆ."

"ನನ್ನ ಕರೀಲೇ ಇಲ್ವಲ್ಲಮ್ಮ!"

ಕೃಪಾ ಸುಳ್ಳು ಹೇಳುವ ಹೆಂಗಸಲ್ಲ. ಸುಳ್ಳಿಗೆ ಬೇಕಾದ ಹುರುಪೂ ಅವಳಲ್ಲಿ ಉಳಿದಿರಲಿಲ್ಲ. "ಕೆಲವು ಪುಟ ಬಿಟ್ಟೆ ಅಂಕಲ್. ಮದುವೆ ಆಯ್ತು ಅನ್ನೋದು ಮುಂದೆ ಗೊತ್ತಾಗುತ್ತಲ್ಲ. ಅದು ಕಥೆಗೆ ಬೇಕಾಗಿರಲಿಲ್ಲ" ಎಂದಳು.

"ಬೇಕಾಗಿರಲಿಲ್ವಾ? ಬೀಗರು ಮುನಿಸ್ಕೊಂಡಿರ್ತಾರೆ, ಪಾಯಸ ಸೀದಿರುತ್ತೆ, ಯಾರೋ ಒಬ್ಬಳು ಮೂಲೇಲಿ ನಿಂತು ಮದುಮಗನ್ನೇ ನೋಡ್ತಾ ಇರ್ತಾಳೆ. ಅದೆಲ್ಲ ಬಿಟ್ಟು ನನಗೆ ಆಸ್ತಿ ಪತ್ರ ಓದಿ ಹೇಳ್ತಿದ್ದೀಯಲ್ಲ."

ಅವಳು ಬೇಕೆಂದು ಮಾಡಿದ್ದಲ್ಲ. ಓದುವುದೆಂದರೆ ಅವಳಿಗೆ ಗೊತ್ತಿದ್ದದ್ದು ಅದೊಂದೇ ಬಗೆ.

ದಾವಣಗೆರೆಯಲ್ಲಿ ಅವಳ ಅಪ್ಪ ಕಲ್ಲಯ್ಯನವರದು ಮೋಟಾರು ರಿವೈಂಡಿಂಗ್ ಅಂಗಡಿ. ಮಗಳ ಕೈಯಲ್ಲಿ ಕಥೆ ಪುಸ್ತಕ ಕಂಡರೆ, "ಇದ್ರಾಗ ಏನೈತಿ? ಮಾರ್ಕ್ಸ್ ಬರೋದು ಓದು" ಎನ್ನುತ್ತಿದ್ದರು. ಅವಳು ಮಾರ್ಕ್ಸ್ ಬರುವುದನ್ನೇ ಓದಿದಳು. ಅಕೌಂಟಿಂಗ್ ಕಲಿಯಲು ಮೆಲ್ಬರ್ನಿಗೆ ಬಂದ ಮೇಲೆ ಮಾರ್ಕ್ಸ್ ಹೋಗಿ ಪಾಯಿಂಟ್ಸ್ ಬಂತು. ಪಿಆರ್, ಅಂದರೆ ಆ ದೇಶದಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ, ಬೇಕೆಂದರೆ ಪಾಯಿಂಟ್ಸ್ ಬೇಕು. ವಯಸ್ಸಿಗೆ ಇಷ್ಟು, ಇಂಗ್ಲಿಷಿಗೆ ಇಷ್ಟು, ಕೆಲಸದ ಅನುಭವಕ್ಕೆ ಇಷ್ಟು. ಇಂಗ್ಲಿಷ್ ಪರೀಕ್ಷೆಯನ್ನು ಅವಳು ಮತ್ತೆ ಮತ್ತೆ ಬರೆದಳು. ಅದಕ್ಕಾಗಿ ಕೋಚಿಂಗ್‌ನವರು ಒಂದು ಉಪಾಯ ಹೇಳಿಕೊಟ್ಟಿದ್ದರು: ಇಡೀ ಪುಟ ಓದಬೇಡಿ, ಪ್ರಶ್ನೆಗೆ ಉತ್ತರವಿರುವ ಸಾಲನ್ನು ಹುಡುಕಿ ಹಿಡಿಯಿರಿ, ಉಳಿದದ್ದನ್ನು ಬಿಡಿ. ಕನ್ನಡದಲ್ಲೂ ಒಂದು ಭಾಷಾಂತರ ಪರೀಕ್ಷೆ ಇತ್ತು, ಅದಕ್ಕೆ ಐದು ಪಾಯಿಂಟ್ಸ್. ಡಾಕ್ಟರು ಮತ್ತು ರೋಗಿ, ಮನೆ ಮಾಲೀಕ ಮತ್ತು ಬಾಡಿಗೆದಾರ ಆಡುವ ಮಾತುಗಳನ್ನು ಕಿವಿಗೆ ಹಾಕಿಕೊಂಡು, ಹುಟ್ಟಿನಿಂದ ಆಡಿದ ಭಾಷೆಯನ್ನೂ ಅವಳು ಹಾಗೆ ಉರುಹೊಡೆದಳು.

ಈ ನಡುವೆ ಕೆಲಸ ಸಿಕ್ಕಿ ಸಿಡ್ನಿಗೆ ಬಂದಳು. ಚಾಟ್ಸ್‌ವುಡ್‌ನ ಒಂದು ಆಫೀಸಿನ ಹೆಲ್ಪ್ ಡೆಸ್ಕ್‌ನಲ್ಲಿ ಕೂತು ಯಾರ ಯಾರದೋ ಪಾಸ್‌ವರ್ಡ್ ಬದಲಿಸಿ ಕೊಡುತ್ತಿದ್ದಾಗಲೇ ಪಿಆರ್ ಸಿಕ್ಕಿದೆ ಎಂಬ ಮೇಲ್ ಬಂತು. ಅವಳು ಮೊದಲು ಪಾಸ್‌ವರ್ಡ್ ಬದಲಿಸಿದಳು. ಆಮೇಲೆ ಮೇಲ್ ಓದಿದಳು. ಆಮೇಲೆ ಮುಂದಿನ ಕರೆ ತೆಗೆದುಕೊಂಡಳು. ಒಂದು ದೊಡ್ಡ ಅಲೆ ಬಂದು ಬಡಿಯುತ್ತದೆಂದು ವರ್ಷಗಟ್ಟಲೆ ಕಾದಿದ್ದವಳ ಕಾಲಿಗೆ ನೀರೂ ತಾಗಲಿಲ್ಲ.

ಸಂಜೆ ಮನೆಯಲ್ಲಿ ಡೊರೊಥಿ ಆಂಟಿ ಅವಳಿಗಾಗಿ ವೆಜ್ ಪಲಾವ್ ಮಾಡಿದ್ದರು. ಡೊರೊಥಿ ಮತ್ತು ಗಂಡ ಹರ್ಮನ್ ಮಂಗಳೂರು ಕಡೆಯ ಕ್ರಿಶ್ಚಿಯನ್ನರು. ತಮ್ಮೊಳಗೆ ಕೊಂಕಣಿ, ಅವಳೊಂದಿಗೆ ಕನ್ನಡ. ಅವಳಿದ್ದದ್ದು ಅವರ ಮನೆಯ ಹಿಂದಿನ ಕೋಣೆಯಲ್ಲಿ. ಹರ್ಮನ್ ಅಂಕಲ್ ಫೋನ್ ಎತ್ತಿ ಹಿಡಿದು, "ಒಂದು ಸ್ಮೈಲ್ ಕೊಡು ಮಾರಾಯ್ತಿ, ಪಿಆರ್ ಬಂದದ್ದಾ ರಿಜೆಕ್ಟ್ ಆದದ್ದಾ ಗೊತ್ತಾಗ್ಬೇಕಲ್ಲ" ಎಂದರು. ಕೃಪಾ ಹಲ್ಲು ತೋರಿಸಿದಳು. ಫೋಟೋ ದಾವಣಗೆರೆಗೆ ಹೋಯಿತು. ಅಲ್ಲಿ ಅವ್ವ ಅತ್ತಳಂತೆ.

ಅಂದಿನಿಂದ ಅವಳಿಗೆ ಅಳುವೂ ಬರಲಿಲ್ಲ, ನಗುವೂ ಬರಲಿಲ್ಲ. ಅಲಾರಂ ಹೊಡೆದರೆ ಏಳುತ್ತಿದ್ದಳು. ತಟ್ಟೆಗೆ ಬಿದ್ದದ್ದನ್ನು ತಿನ್ನುತ್ತಿದ್ದಳು. ಶನಿವಾರ ಬಟ್ಟೆ ಒಗೆದು, ಒಣಗಿಸಿ, ಮಡಚಿಟ್ಟ ಮೇಲೆ ಇನ್ನೇನು ಮಾಡಬೇಕೆಂದು ತಿಳಿಯದೆ, ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚುತ್ತಿದ್ದಳು. ಡೊರೊಥಿ ಆಂಟಿ ಅಂಗಡಿಗೆ ಹೊರಟಾಗ, "ನಿಂಗೆ ಎಂತ ತರ್ಬೇಕು?" ಎಂದು ಕೇಳಿದರೆ, "ಏನಾದ್ರೂ ಆಗುತ್ತೆ ಆಂಟಿ" ಎನ್ನುತ್ತಿದ್ದಳು. "ಏನಾದ್ರೂ ಅಂತ ಒಂದು ಸಾಮಾನು ಆ ಅಂಗಡಿಯಲ್ಲಿ ಇಲ್ಲ" ಎಂದು ಆಂಟಿ ಬೈದು ಹೋಗುತ್ತಿದ್ದರು.

ಆಗಲೇ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಬಂದದ್ದು. ಕಳಿಸಿದವರು ಮೆಲ್ಬರ್ನಿನ ಚಂದ್ರಪ್ರಭಾ. ತಮ್ಮ ಮಾವನವರಿಗೆ ಕಣ್ಣಿನ ನಡುಭಾಗದ ದೃಷ್ಟಿ ಹೋಗಿದೆ, ಓದು ಎಂದರೆ ಪ್ರಾಣ, ಫೋನಿನಲ್ಲಿ ಕನ್ನಡ ಪುಸ್ತಕ ಓದಿ ಹೇಳುವ ವಾಲಂಟಿಯರ್ ಬೇಕು ಎಂದಿತ್ತು. 'ವಾಲಂಟಿಯರ್' ಎಂಬ ಪದ ಕಂಡದ್ದೇ ತಡ, ಕೃಪಾಳ ಬೆರಳು ತಾನಾಗಿ "ನನಗೆ ಆಸಕ್ತಿ ಇದೆ" ಎಂದು ಒತ್ತಿತ್ತು. ಅಂಥ ಅನುಭವ ಫೈಲಿಗೆ ಒಳ್ಳೆಯದು ಎಂದು ಯಾರೋ ಯಾವಾಗಲೋ ಹೇಳಿದ್ದರು.

ಅಂಚೆಯಲ್ಲಿ ಒಂದು ರಟ್ಟಿನ ಡಬ್ಬಿ ತುಂಬ ಪುಸ್ತಕ ಬಂತು. ಯಾವುದನ್ನು ಮೊದಲು ಓದಬೇಕೆಂದು ಶ್ರೀಕಂಠಯ್ಯನವರೇ ಹೇಳಿದರು. ಬುಧವಾರ, ಭಾನುವಾರ ಸಂಜೆ ಓದುವುದೆಂದು ನಿಗದಿಯಾಯಿತು. ಮೊದಲ ದಿನದ ಓದು ಮುಗಿದಾಗ ಅವಳು ಕೇಳಿದಳು:

"ಅಂಕಲ್, ಕೊನೆಗೆ ಒಂದು ಲೆಟರ್ ಕೊಡ್ತೀರಾ?"

"ಯಾರಿಗಮ್ಮ?"

"ನಂಗೇ. ಓದಿದೀನಿ ಅಂತ. ಪಿಆರ್ ಫೈಲಿಗೆ."

"ಅಯ್ಯೋ ಪಾಪ, ಇನ್ನೂ ಪಿಆರ್ ಬಂದಿಲ್ವಾ?"

"ಬಂದಿದೆ ಅಂಕಲ್."

"ಮತ್ತೆ ಲೆಟರ್ ಯಾಕೆ?"

ಕೃಪಾ ಯೋಚಿಸಿದಳು. "ಗೊತ್ತಿಲ್ಲ ಅಂಕಲ್" ಎಂದಳು.

ಅವರು ನಗಲಿಲ್ಲ. ಆ ಮಾತನ್ನು ಅವರು ಎಲ್ಲೋ ಎತ್ತಿಟ್ಟುಕೊಂಡಿರಬೇಕು. ಈಗ ಮದುವೆ ಹಾರಿಹೋದದ್ದು ಗೊತ್ತಾದ ಮೇಲೆ ಸಮಾಧಾನದಿಂದಲೇ ಹೇಳಿದರು:

"ನೋಡಮ್ಮ, ಇಷ್ಟು ದಿನ ನಾನು ಹೇಳಿದ್ದು ಓದಿದೆ. ನಿನಗೆ ಅದು ಆಫೀಸಿನ ಕೆಲಸ ಆಯ್ತು. ಈ ಪುಸ್ತಕ ಇಲ್ಲಿಗೇ ಸಾಕು. ಡಬ್ಬೀಲಿ ಇನ್ನೂ ಇವೆಯಲ್ಲ, ಅದರಲ್ಲಿ ಒಂದು ನೀನೇ ಆರಿಸು."

"ಯಾವ್ದು ಅಂಕಲ್?"

"ನಿನಗೆ ಬೇಕು ಅನ್ನಿಸಿದ್ದು."

"ನಿಮಗೆ ಯಾವುದಿಷ್ಟ ಹೇಳಿ, ಅದನ್ನೇ..."

"ನನಗೆ ಎಲ್ಲಾ ಇಷ್ಟ. ನಾನು ಹೊಟ್ಟೆಬಾಕ. ನಿನಗೆ ಬೇಕಾದ್ದು ಸಿಕ್ಕಿದ ದಿನ ಫೋನ್ ಮಾಡು. ಸಿಗಲಿಲ್ಲವೋ, ಮಾಡಬೇಡ. ನನಗೇನೂ ಬೇಜಾರಿಲ್ಲ. ಆದ್ರೆ ಬೇಡದ ಮನಸ್ಸಲ್ಲಿ ಓದಿದ್ದನ್ನ ಇನ್ನು ಕೇಳಲ್ಲ."

ಫೋನ್ ಇಟ್ಟ ಮೇಲೆ ಕೃಪಾ ಮಂಚದ ಮೇಲೆ ಹಾಗೇ ಕೂತಿದ್ದಳು. ಈ ಓದು ನಿಂತುಹೋದರೆ ತನಗೆ ಬೇಸರವಾಗುತ್ತದೆಯೇ ಎಂದು ತನ್ನೊಳಗೆ ತಡಕಿ ನೋಡಿಕೊಂಡಳು. ಏನೂ ಸಿಗಲಿಲ್ಲ. ಜೋಮು ಹಿಡಿದ ಕಾಲನ್ನು ಚಿವುಟಿ ನೋಡಿದ ಹಾಗಿತ್ತು. ಆದರೆ ಒಂದು ಮಾತ್ರ ಅವಳಿಗೆ ಲೆಕ್ಕದಷ್ಟು ಸ್ಪಷ್ಟವಾಗಿ ತಿಳಿದಿತ್ತು. ಪಾಯಿಂಟ್ಸ್ ಎಲ್ಲ ಮುಗಿದಿವೆ, ಇನ್ನು ಮೇಲೆ ಏನು ಮಾಡಬೇಕೆಂದು ಹೇಳುವವರಿಲ್ಲ. ಒಂದು ಡಬ್ಬಿಯೊಳಗಿನಿಂದ ಒಂದು ಪುಸ್ತಕ ಬೇಕೆನ್ನಿಸದಿದ್ದರೆ ಮುಂದೆ ಊರು, ಮನೆ, ಮನುಷ್ಯರು ಯಾವುದೂ ಬೇಕೆನ್ನಿಸುವುದಿಲ್ಲ. ಈಗಿರುವ ಹಾಗೆಯೇ ಉಳಿದುಬಿಡುತ್ತಾಳೆ.

ಅವಳು ಡಬ್ಬಿ ಬಿಚ್ಚಿ ಪುಸ್ತಕಗಳನ್ನು ನೆಲದ ಮೇಲೆ ಹರಡಿದಳು. ಎಲ್ಲವೂ ಒಂದೇ ಥರ ಕಂಡವು. ಕೋಣೆಗೆ ಇಣುಕಿದ ಡೊರೊಥಿ ಆಂಟಿಗೆ ವಿಷಯ ಹೇಳಿದಳು.

"ಅದಕ್ಕೆ ಎಂತ ಇಷ್ಟು ಚಿಂತೆ? ಸಪೂರದ್ದು ತಕೊ. ಬೇಗ ಮುಗೀತದೆ."

ಹರ್ಮನ್ ಅಂಕಲ್ ಹಾಲ್‌ನಿಂದಲೇ ಕೂಗಿದರು: "ಸ್ಟಾರ್ ಎಷ್ಟುಂಟು ನೋಡು. ನಾಲ್ಕಕ್ಕಿಂತ ಕಮ್ಮಿ ಇದ್ರೆ ಹೋಟೆಲಿಗೇ ನಾವು ಹೋಗುದಿಲ್ಲ."

ಸ್ಟಾರ್ ಎಂದದ್ದು ಅವಳಿಗೆ ದಾರಿ ತೋರಿಸಿತು. ಪಾಯಿಂಟ್ಸ್ ಹಾಕಿದಳು! ಪ್ರಶಸ್ತಿ ಬಂದಿದ್ದರೆ ಇಷ್ಟು, ಮರುಮುದ್ರಣ ಆಗಿದ್ದರೆ ಇಷ್ಟು, ಅಕ್ಷರ ದಪ್ಪಗಿದ್ದರೆ ಇಷ್ಟು, ಬೆನ್ನುಡಿಯಲ್ಲಿ ದೊಡ್ಡವರು ಹೊಗಳಿದ್ದರೆ ಇಷ್ಟು. ವರ್ಷಗಳ ಅಭ್ಯಾಸ, ಕೈ ಸರಾಗವಾಗಿ ಓಡಿತು. ಗೆದ್ದದ್ದು ನೀಲಿ ರಟ್ಟಿನ ದಪ್ಪ ಕಾದಂಬರಿ. ಅವಳು ಫೋನ್ ಮಾಡಿದಳು.

"ಇದನ್ನೇ ಯಾಕೆ ಆರಿಸಿದೆ?" ಎಂದು ಕೇಳಿದರು ಶ್ರೀಕಂಠಯ್ಯನವರು.

"ಚೆನ್ನಾಗಿದೆ ಅಂತಾರೆ ಅಂಕಲ್."

"ಯಾರು?"

"ಎಲ್ರೂ."

"ಹೂಂ," ಎಂದರು. "ಸರಿ, ಓದು. ಒಂದೇ ಷರತ್ತು. ಯಾರ ಮದುವೆಯನ್ನೂ ತಪ್ಪಿಸಬೇಡ."

ಈ ಸಲ ಅವಳು ಒಂದು ಸಾಲನ್ನೂ ಬಿಡಲಿಲ್ಲ. ಬಿಡದೆ ಓದಿದ್ದೇ ಎಡವಟ್ಟಾಯಿತು. ಆ ಕಾದಂಬರಿಯ ನಾಯಕ ಒಬ್ಬ ವಕೀಲ. ನ್ಯಾಯವಂತ. ಅಣ್ಣನಿಗೆ ಬುದ್ಧಿ ಹೇಳುತ್ತಾನೆ, ಊರಿಗೆ ಬುದ್ಧಿ ಹೇಳುತ್ತಾನೆ, ಸಾಯಲು ಮಲಗಿದ ಅಪ್ಪನಿಗೂ ಬುದ್ಧಿ ಹೇಳುತ್ತಾನೆ. ಶ್ರೀಕಂಠಯ್ಯನವರು "ಆಹಾ, ಭೇಷ್" ಎನ್ನುತ್ತಾ ಕೇಳುತ್ತಿದ್ದರು. ಉತ್ತರದ ಸಾಲನ್ನಷ್ಟೇ ಹಿಡಿದು ಓಡುತ್ತಿದ್ದರೆ ಕೃಪಾಳಿಗೆ ಅವನು ಯಾರೋ ಏನೋ. ಈಗ ಅವನ ಪ್ರತಿ ಮಾತನ್ನೂ ತನ್ನ ಬಾಯಿಂದಲೇ ಆಡಬೇಕಾಗಿತ್ತು. ಒಂದು ಭಾನುವಾರ ಅವನು ಹೆಂಡತಿಯನ್ನು ಎದುರು ನಿಲ್ಲಿಸಿಕೊಂಡು ತ್ಯಾಗದ ವಿಷಯ ಮಾತಾಡಲು ಶುರುಮಾಡಿದ. ಪುಟ ತಿರುಗಿತು, ಅವನು ನಿಲ್ಲಿಸಲಿಲ್ಲ. ಇನ್ನೊಂದು ಪುಟ ತಿರುಗಿತು. ಕೈಯಲ್ಲಿ ಅನ್ನದ ಪಾತ್ರೆ ಹಿಡಿದ ಹೆಂಡತಿ ನಿಂತೇ ಇದ್ದಾಳೆ.

ಕೃಪಾ ಓದು ನಿಲ್ಲಿಸಿದಳು.

"ಯಾಕಮ್ಮ, ನೀರು ಕುಡೀಬೇಕಾ?"

"ಇಲ್ಲ ಅಂಕಲ್. ಇದನ್ನ ಓದಲ್ಲ ನಾನು."

"ಈಗ ತಾನೇ ರಸ ಬರ್ತಾ ಇದೆ!"

"ಏನ್ ರಸ ಅಂಕಲ್? ಪಾತ್ರೆ ಬಿಸಿ ಇರ್ತತಿ, ಆಕಿ ಕೈ ಸುಡ್ತಿರ್ತತಿ, ಇವ್ನು ಭಾಷಣ ಮಾಡಾಕ ಹತ್ಯಾನ. ಊರಾಗಿನೋರ್ದೆಲ್ಲ ತಪ್ಪು, ಇವನೊಬ್ಬಂದ ಸರಿ. ಇವನ್ನ ಕಂಡ್ರ ನಂಗ ಆಗಂಗಿಲ್ಲ."

ತನ್ನ ಬಾಯಿಂದ ಏಕಾಏಕಿ ದಾವಣಗೆರೆ ಹೊರಬಿದ್ದದ್ದು ಕೇಳಿ ಅವಳಿಗೇ ಅಚ್ಚರಿಯಾಯಿತು.

"ಅವನು ಆದರ್ಶ ಪುರುಷ ಕಣಮ್ಮ."

"ಇರ್ಲಿ. ನನ್ನ ಕೈಲಿ ಆಗಲ್ಲ."

"ಇನ್ನೂ ನೂರು ಪುಟ ಇದೆ. ಕೇಸು ಗೆದ್ನೋ ಸೋತ್ನೋ ನನಗೆ ಗೊತ್ತಾಗ್ಬೇಕು. ಹೀಗೆ ನಡುನೀರಲ್ಲಿ ಕೈ ಬಿಡ್ತಾರಾ?"

"ಸುಘೋಷ್ ಅವರ ಹತ್ರ ಓದಿಸ್ಕೊಳ್ಳಿ."

"ನನ್ನ ಮಗನ ಹತ್ರಾನಾ? ಅವನು 'ಅ'ಗೂ 'ಆ'ಗೂ ನಡುವೆ ಕಾಫಿಗೆ ಹೋಗಿ ಬರ್ತಾನೆ! ಪುಸ್ತಕ ಆರಿಸಿದ್ದು ನೀನೇ ಅಲ್ವೇನಮ್ಮ?"

"ಆರಿಸಿದ್ದು ಪಾಯಿಂಟ್ಸು, ನಾನಲ್ಲ."

"ಏನು ಪಾಯಿಂಟ್ಸೋ... ಸರಿ ಬಿಡು," ಎಂದು ಅವರು ಫೋನ್ ಇಟ್ಟುಬಿಟ್ಟರು.

ಸದ್ದು ಕೇಳಿ ಡೊರೊಥಿ ಆಂಟಿ ಬಾಗಿಲಿಗೆ ಬಂದಿದ್ದರು. "ಎಂತದಾ? ಯಾರೊಟ್ಟಿಗೆ ಜಗಳ?"

"ಒಬ್ಬ ವಕೀಲನ ಜೊತೆ ಆಂಟಿ."

"ಜೀಸಸ್! ಕೋರ್ಟು ಕೇಸಾ?"

"ಇಲ್ಲ, ಪುಸ್ತಕದೊಳಗಿದ್ದಾನೆ."

"ಹಾಗಾದ್ರೆ ಜೋರಾಗಿಯೇ ಬೈ. ಫೀಸಿಲ್ಲ," ಎಂದು ಆಂಟಿ ಹೋದರು.

ಕೃಪಾಳ ಕಿವಿ ಬಿಸಿಯಾಗಿತ್ತು. ಅದು ಸಿಟ್ಟು ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಸಂತೋಷವೇನೂ ಆಗಲಿಲ್ಲ. ಮರುದಿನ ಎದ್ದಾಗ ಅದೂ ಇಳಿದಿತ್ತು. ಬುಧವಾರ ಬಂತು. ಫೋನ್ ಮಾಡಲು ಅವಳ ಬಳಿ ಪುಸ್ತಕವಿರಲಿಲ್ಲ. ಅವರೂ ಮಾಡಲಿಲ್ಲ. ಚಾಟ್ಸ್‌ವುಡ್‌ನಿಂದ ರೈಲಿನಲ್ಲಿ ಬಂದಳು, ಊಟ ಮಾಡಿದಳು, ಕೋಣೆಗೆ ಹೋಗಿ ನೀಲಿ ಪುಸ್ತಕವನ್ನು ಡಬ್ಬಿಗೆ ಹಾಕಲು ಕೂತಳು. ಉಳಿದ ಪುಸ್ತಕಗಳನ್ನು ಸರಿಸಿ ಜಾಗ ಮಾಡುವಾಗ ಒಂದು ಸಣ್ಣ ಪುಸ್ತಕ ಕೈಗೆ ಬಂತು. ಅದರ ರಟ್ಟು ಕಿತ್ತುಹೋಗಿತ್ತು. ಬರೆದವರ ಹೆಸರಿಲ್ಲ, ಪ್ರಶಸ್ತಿ ಇಲ್ಲ, ಬೆನ್ನುಡಿಯ ಹೊಗಳಿಕೆ ಇಲ್ಲ. ಅವಳ ಲೆಕ್ಕದಲ್ಲಿ ಅದಕ್ಕೆ ಒಂದು ಪಾಯಿಂಟೂ ಬಂದಿರಲಿಲ್ಲ.

ಸುಮ್ಮನೆ ಮೊದಲ ಪುಟ ತೆರೆದಳು. ಯಾವುದೋ ಊರಿನ ಬಸ್ ಸ್ಟ್ಯಾಂಡಿನ ಹಿಂದೆ ಒಬ್ಬ ಹೆಂಗಸು ಮೆಸ್ ನಡೆಸುತ್ತಾಳೆ. ಅಕ್ಕಿ ಆರಿಸುತ್ತಾ ಕೂತಿದ್ದಾಳೆ. ಹಿಂದಿನ ದಿನ ಒಬ್ಬ ಹುಡುಗ ಅವಳೊಂದಿಗೆ ಜೋರಾಗಿ ಜಗಳವಾಡಿ, ಊಟ ಅರ್ಧಕ್ಕೆ ಬಿಟ್ಟು ಹೋಗಿದ್ದಾನೆ. ಇನ್ನು ಬರುವುದಿಲ್ಲ ಎಂದಿದ್ದಾನೆ. ಆದರೆ ಹೋಗುವ ಮೊದಲು ತನ್ನ ತಟ್ಟೆ ತೊಳೆದು ಬೋರಲು ಹಾಕಿ ಹೋಗಿದ್ದಾನೆ. ಅಷ್ಟು ಸಿಟ್ಟಿನಲ್ಲಿದ್ದವನು ತಟ್ಟೆ ಯಾಕೆ ತೊಳೆದ ಎಂದು ಅವಳು ಯೋಚಿಸುತ್ತಿದ್ದಾಳೆ.

ಯಾಕೆ ತೊಳೆದ? ಕೃಪಾ ಪುಟ ತಿರುಗಿಸಿದಳು. ಅಲ್ಲಿ ಉತ್ತರವಿರಲಿಲ್ಲ. ಸಾರಿಗೆ ಹುಣಸೆಹಣ್ಣು ನೆನೆಹಾಕುವುದಿತ್ತು, ಹಾಲಿನವನು ತಡಮಾಡಿದ್ದಿತ್ತು. ಅವಳ ಕಣ್ಣು ಹಳೆಯ ಅಭ್ಯಾಸದಂತೆ ಮುಂದಕ್ಕೆ ಜಾರಿ ಉತ್ತರವನ್ನು ಹುಡುಕಿತು. ಹುಡುಕಿದರೆ ಸಿಗುವ ಹಾಗಿರಲಿಲ್ಲ. ಅವಳು ಹಿಂದಕ್ಕೆ ಬಂದು ಹುಣಸೆಹಣ್ಣಿನಿಂದ ಮತ್ತೆ ಓದಿದಳು. ನೆಲದ ಮೇಲೆ ಕೂತೇ ಓದಿದಳು. ಇಷ್ಟವಾಗುತ್ತಿದೆ ಎಂದೇನೂ ಅವಳಿಗೆ ಅನ್ನಿಸಲಿಲ್ಲ. ಆ ತಟ್ಟೆಯ ವಿಷಯ ಬಗೆಹರಿಯಬೇಕಿತ್ತು, ಅಷ್ಟೆ. ಬೆನ್ನು ನೋಯತೊಡಗಿದಾಗ ಪುಸ್ತಕ ಮಡಚಿ, ಚಂದ್ರಪ್ರಭಾಗೆ ಫೋನ್ ಮಾಡಿದಳು.

"ಅಕ್ಕ, ಲಾಂಗ್ ವೀಕೆಂಡ್ ಬರುತ್ತಲ್ಲ, ನಾನು ಅಲ್ಲಿಗೆ ಬರ್ಲಾ? ಅಂಕಲ್ ಎದುರೇ ಕೂತು ಒಂದು ಪುಸ್ತಕ ಓದ್ಬೇಕು."

"ಬಾರಮ್ಮ ತಾಯಿ, ಫ್ಲೈಟ್ ಬುಕ್ ಮಾಡು. ಮಾವ ಮೂರು ಹೊತ್ತೂ ಮುಖ ಊದಿಸ್ಕೊಂಡು ಕೂತಿದ್ದಾರೆ. ಏನು ಮಾಡಿದ್ಯೋ ಬಂದು ಸರಿ ಮಾಡು."

ಏರ್‌ಪೋರ್ಟಿನಿಂದ ಸುಘೋಷ್ ಕರೆದುಕೊಂಡು ಬಂದ. ಕ್ಲೈಡ್ ನಾರ್ತ್ ತಲುಪಲು ಬಹಳ ಹೊತ್ತು ಹಿಡಿಯಿತು. ಹೊಸ ಮನೆಗಳು ಒಂದರ ಪಕ್ಕ ಒಂದು, ಎಲ್ಲದಕ್ಕೂ ಅದೇ ಬೂದು ಬಣ್ಣದ ಬೇಲಿ. ಬಾಗಿಲು ತೆಗೆದ ಮೊಮ್ಮಗಳು ಅನನ್ಯಾ, "ತಾತ ಈಸ್ ಸೋ ಗ್ರಂಪಿ" ಎಂದು ಪಿಸುಗುಟ್ಟಿ ಓಡಿಹೋದಳು.

ಶ್ರೀಕಂಠಯ್ಯನವರು ಕಿಟಕಿಯ ಬಳಿ ಕೂತಿದ್ದರು. ನೇರ ನೋಡಿದರೆ ಕಾಣದು, ಕಣ್ಣಂಚಿನಲ್ಲಿ ಮಾತ್ರ ಕಾಣುತ್ತಿತ್ತು. ಹಾಗಾಗಿ ಅವಳನ್ನು ನೋಡಲು ಗೋಡೆಯ ಕಡೆ ಮುಖ ತಿರುಗಿಸಿದರು.

"ಇಷ್ಟು ಕುಳ್ಳೀನಾ ನೀನು? ಫೋನಲ್ಲಿ ಉದ್ದ ಇದ್ದೆ."

"ಕೇಸು ಏನಾಯ್ತು ಅಂಕಲ್?"

"ಗೆದ್ದ. ಗೊತ್ತಿದ್ದೋರ ಮನೇಲಿ ಇನ್ನೊಂದು ಪ್ರತಿ ಇತ್ತು, ಸುಘೋಷ ತಂದು ಮೊಬೈಲಿಗೆ ಹಿಡಿದು ಅದರ ಕೈಲೇ ಕೊನೆ ಅಧ್ಯಾಯ ಓದಿಸಿದ. ಆ ಯಂತ್ರಕ್ಕೆ ಉಸಿರೇ ಇಲ್ಲ. ಕೊಲೆ ಆದ್ರೂ ಅದೇ ರಾಗ, ಪುಟದ ನಂಬರಿಗೂ ಅದೇ ರಾಗ." ಗೋಡೆಗೆ ಹೇಳಿದ ಹಾಗೆ ಹೇಳಿದರು: "ಗೆದ್ದ ಮೇಲೂ ಒಂದು ಭಾಷಣ ಮಾಡಿದ. ಸ್ವಲ್ಪ ಜಾಸ್ತಿಯೇ ಆಯ್ತು."

ಕೃಪಾ ಚೀಲದಿಂದ ರಟ್ಟಿಲ್ಲದ ಪುಸ್ತಕ ತೆಗೆದು ಅವರ ಕೈಗಿಟ್ಟಳು. ಅವರು ಅದರ ಬೆನ್ನು ಸವರಿ ನೋಡಿ, "ಇದಾ? ಇದು ನಾನು ಓದಿಲ್ಲ. ಯಾವುದೋ ಹಳೇ ಪುಸ್ತಕದ ರಾಶಿ ಜೊತೆ ಬಂದಿದ್ದು. ಏನಿದೆ ಇದರಲ್ಲಿ?" ಎಂದು ಕೇಳಿದರು.

"ಒಬ್ಬಳು ಮೆಸ್ ನಡೆಸ್ತಾಳೆ. ಓದ್ಲಾ?"

ಓದಿದಳು. ಅಕ್ಕಿ, ಹುಣಸೆಹಣ್ಣು, ಹಾಲಿನವನು, ತಟ್ಟೆ. ಅವರು ಮೊದಲು ಕಿವಿಗೊಟ್ಟು ಕೇಳಿದರು. ಆಮೇಲೆ ಕುರ್ಚಿಯಲ್ಲಿ ಹೊರಳಾಡಿದರು.

"ಇದರಲ್ಲಿ ಏನೂ ಆಗ್ತಾನೇ ಇಲ್ವಲ್ಲಮ್ಮ."

"ಹೌದು ಅಂಕಲ್, ಆಗ್ತಿಲ್ಲ."

"ಮುಂದೆ ಆಗುತ್ತಾ?"

"ಗೊತ್ತಿಲ್ಲ. ಅರ್ಧ ಓದಿದೀನಿ. ಇನ್ನೂ ಆಗಿಲ್ಲ."

"ನನಗೆ ನಿದ್ದೆ ಬರ್ತಿದೆ."

"ಬಂದ್ರೆ ಮಲ್ಕೊಳ್ಳಿ. ನಾನು ಓದ್ತೀನಿ."

ಅವರು ಮತ್ತೆ ಗೋಡೆಯ ಕಡೆ ಮುಖ ತಿರುಗಿಸಿ ಕಣ್ಣಂಚಿನಿಂದ ಅವಳನ್ನು ನೋಡಿದರು. "ಅಂದ್ರೆ ಇದು ನಿನಗೆ ಇಷ್ಟ."

ಕೃಪಾಳ ಎದೆಯೊಳಗೆ ಇನ್ನೂ ಅದೇ ಮರಗಟ್ಟಿದ ತಣ್ಣಗಿನ ಭಾವ. ಯಾವ ಅಲೆಯೂ ಎದ್ದಿರಲಿಲ್ಲ. "ಇಷ್ಟ ಹೌದೋ ಅಲ್ವೋ ಗೊತ್ತಾಗ್ತಿಲ್ಲ ಅಂಕಲ್. ಬಿಡೋಕೆ ಆಗ್ತಿಲ್ಲ" ಎಂದಳು.

"ಸರಿ, ಓದು ಮತ್ತೆ. ಮೆಸ್ಸಿನವಳು ಮಾಡಿದ್ದನ್ನ ತಿನ್ನೋಣ."

ಸ್ವಲ್ಪ ಹೊತ್ತಿಗೆ ಅವರ ತಲೆ ಎದೆಯ ಮೇಲೆ ಬಾಗಿತು, ಗೊರಕೆ ಶುರುವಾಯಿತು. ಕೃಪಾ ದನಿ ತಗ್ಗಿಸಿದಳು, ಆಮೇಲೆ ತುಟಿ ಮಾತ್ರ ಆಡಿಸಿದಳು, ಆಮೇಲೆ ಅದೂ ನಿಂತು ಕಣ್ಣಷ್ಟೇ ಸಾಲಿನಿಂದ ಸಾಲಿಗೆ ಇಳಿಯಿತು. ಅಡುಗೆಮನೆಯಿಂದ ಒಗ್ಗರಣೆಯ ಘಾಟು ಬಂತು. ಚಂದ್ರಪ್ರಭಾ ಬಾಗಿಲಲ್ಲಿ ನಿಂತು, ಮಲಗಿದ ಮಾವನನ್ನೂ ಓದುತ್ತಿದ್ದ ಅವಳನ್ನೂ ನೋಡಿ, "ಇವರು ಮಲಗಿದ್ರಲ್ಲ, ಇನ್ಯಾರಿಗೆ ಓದ್ತಿದ್ದೀಯಾ? ಬಾ, ಎಲ್ಲರೂ ಕೂತಿದ್ದಾರೆ, ಊಟಕ್ಕೆ" ಎಂದಳು.

ಕೃಪಾ ತಲೆ ಎತ್ತಲಿಲ್ಲ.

"ನೀವು ಶುರು ಮಾಡಿ ಅಕ್ಕ," ಎಂದಳು. "ಈ ಅಧ್ಯಾಯ ಮುಗಿಸ್ಕೊಂಡು ಬರ್ತೀನಿ."